ಮೀಸೆಗೊಂದು ಸೂಜಿ

ಎಲ್ಲದಕ್ಕೂ ಕಾರಣ ಬಸವಪ್ರಭುಗಳ ಮೀಸೆ.

ಪುಣೆಯ ಭೋಸರಿಯಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಾರ್ಖಾನೆಯ ಸ್ಟೋರ್ ಕೀಪರ್ ಅವರು. ಜಮಖಂಡಿ ಕಡೆಯಿಂದ ಪುಣೆಗೆ ಬರುವಾಗ ಒಂದು ಟ್ರಂಕು, ನಾಲ್ಕು ಬಟ್ಟೆಗಳ ಜೊತೆ ಈ ಮೀಸೆಯನ್ನೂ ತಂದಿದ್ದರು. ಟ್ರಂಕು ತುಕ್ಕು ಹಿಡಿಯಿತು, ಬಟ್ಟೆ ಹರಿದವು, ಮೀಸೆ ಮಾತ್ರ ವರ್ಷ ವರ್ಷ ಬಡ್ತಿ ಪಡೆಯುತ್ತ ಕಿವಿಯ ಹತ್ತಿರಕ್ಕೆ ಹೋಗಿ ಮುಟ್ಟಿತು. ಅದರ ಅಂಜಿಕೆಗೇ ಚೀಟಿ ಇಲ್ಲದೆ ಯಾರೂ ಸ್ಟೋರಿನಿಂದ ಒಂದು ಬೇರಿಂಗನ್ನೂ ಒಯ್ಯುತ್ತಿರಲಿಲ್ಲ. ಬಸವಪ್ರಭು ಬೈಯುವ ಮನುಷ್ಯರಲ್ಲ. ಸುಮ್ಮನೆ ಮೀಸೆಯ ತುದಿ ತಿರುವುತ್ತಿದ್ದರು, ಎದುರಿಗಿದ್ದವನಿಗೆ ತನ್ನ ಕಿವಿಯನ್ನೇ ತಿರುವಿದಂತಾಗುತ್ತಿತ್ತು.

ಹಿಂದಿನ ವಾರ ಎಚ್‌ಆರ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಮೈಸೂರಿನ ಹುಡುಗಿ ಇಂಪನಾ, "ಸರ್, ಪ್ಲೀಸ್, ಒಂದೇ ಒಂದು ಫೋಟೋ. ನಿಮ್ ಮೀಸೆ ಸೂಪರ್ ಆಗಿದೆ" ಎಂದಿದ್ದಳು. ಹೊಗಳಿದರೆ ಯಾರು ಬೇಡ ಅಂತಾರೆ? ಬಸವಪ್ರಭು ಎದೆ ಉಬ್ಬಿಸಿ ನಿಂತಿದ್ದರು. ಗುರುತಿನ ಚೀಟಿಗೋ ಏನೋ ಎಂದುಕೊಂಡು ಮರೆತೂ ಬಿಟ್ಟಿದ್ದರು.

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲ್ ತೆಗೆದರೆ ಕಾರ್ಖಾನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಅವರದೇ ಮುಖ. ಮೇಲೆ ಕೆಂಪು ಅಕ್ಷರಗಳಲ್ಲಿ, ಹೆದರಬೇಡಿ, ರಕ್ತದಾನ ಮಾಡಿ ಎಂದು ಮರಾಠಿಯಲ್ಲಿ ಬರೆದಿತ್ತು. ಕೆಳಗೆ: 'ಇಂದಿನ ಶಿಬಿರದ ಮೊದಲ ರಕ್ತದಾನಿ, ನಮ್ಮ ಹುಲಿ, ಬಸವಪ್ರಭು.'

ಹುಲಿ ಚಹಾವನ್ನು ಅರ್ಧಕ್ಕೇ ಬಿಟ್ಟು ಅಡುಗೆಮನೆಯ ಕಡೆ ಕೂಗಿತು.

"ರುದ್ರವ್ವಾ... ಇಲ್ಲಿ ಬಾ ಸ್ವಲ್ಪ."

ಹೆಂಡತಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ನೋಡಿದರು. ಮೊದಲು ಕಣ್ಣಗಲ ಮಾಡಿದರು, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಾಕೆಂದರೆ ಇಡೀ ಪುಣೆಯಲ್ಲಿ ಆ ಗುಟ್ಟು ಗೊತ್ತಿದ್ದುದು ಅವರೊಬ್ಬರಿಗೇ. ಬಸವಪ್ರಭುಗಳಿಗೆ ಸೂಜಿ ಎಂದರೆ ಜೀವ ಹಾರುತ್ತಿತ್ತು. ಮಗಳು ಕೂಸಾಗಿದ್ದಾಗ ಲಸಿಕೆ ಹಾಕಿಸಲು ಒಯ್ದಿದ್ದರು. ಸೂಜಿ ಚುಚ್ಚಿದಾಗ ಕೂಸು ಒಂದು ಸಲ ಕಿರುಚಿ ಸುಮ್ಮನಾಯಿತು. ಅಪ್ಪನ ಮುಖಕ್ಕೆ ಮಾತ್ರ ನೀರು ಚಿಮುಕಿಸಿ ಎಬ್ಬಿಸಬೇಕಾಯಿತು.

"ಇವತ್ತ ರಜಾ ಹಾಕ್ರಿ ಮತ್ತ" ಎಂದರು ರುದ್ರವ್ವ.

"ಹುಚ್ಚಿ ಇದ್ದೀ ಏನು? ಪೋಸ್ಟರ್ ಮ್ಯಾಲ ನನ್ನ ಮೀಸಿ ಅದ. ಇವತ್ತ ರಜಾ ಹಾಕೂದೂ ಒಂದ, ಮೀಸಿ ಬೋಳಿಸಿಕೊಳ್ಳೂದೂ ಒಂದ."

"ಬೋಳಿಸ್ಕೊಳ್ರಿ. ಮಜ್ಜಗಿ ಕುಡಿಯೂದರ ಸಸಾರ ಆಗತದ."

ಅಷ್ಟರಲ್ಲಿ ಎದುರು ಮನೆಯ ದೇಶಪಾಂಡೆ ಕಾಕೂ ಬಾಗಿಲು ಬಡಿದರು. ಅವರ ಅಣ್ಣನ ಮಗನೂ ಅದೇ ಕಾರ್ಖಾನೆಯಲ್ಲಿದ್ದುದರಿಂದ ಪೋಸ್ಟರ್ ಅವರಿಗೂ ಮುಟ್ಟಿತ್ತು. ಕೈಯಲ್ಲಿ ದೊಡ್ಡ ಲೋಟದ ತುಂಬ ಬೀಟ್‌ರೂಟ್ ರಸ. "ಪ್ಯಾ, ಪ್ಯಾ! ರಕ್ತ ವಾಢತಂ!" ಎಂದು, ರಕ್ತ ಹೆಚ್ಚಾಗುತ್ತದೆಂದು, ಎದುರಿಗೇ ನಿಂತು ಕುಡಿಸಿದರು. ಆ ಕೆಂಪು ನೋಡಿಯೇ ಬಸವಪ್ರಭುಗಳ ಕಣ್ಣು ಮಂಜಾಯಿತು. ಕಣ್ಣು ಮುಚ್ಚಿ ಗುಟುಕರಿಸಿ, ಮೀಸೆ ಒರೆಸಿಕೊಂಡು, ಕೊರಳಿಗೆ ಹಗ್ಗ ಬಿದ್ದ ಹೋರಿಯ ಹಾಗೆ ಬಸ್ಸಿಗೆ ನಡೆದರು.

ಕಾರ್ಖಾನೆಯಲ್ಲಿ ಕ್ಯಾಂಟೀನಿನ ಮೇಜುಗಳನ್ನೆಲ್ಲ ಬದಿಗೆ ಸರಿಸಿ ಮಂಚ ಹಾಕಿದ್ದರು. ಸ್ಪಿರಿಟ್ಟಿನ ವಾಸನೆ ಗೇಟಿನವರೆಗೂ ಬಂದಿತ್ತು. ಸ್ಟೋರಿನ ಬಾಗಿಲಲ್ಲಿ ಸಹಾಯಕ ಮಾಂತು ಸ್ವಾಗತಕ್ಕೆ ನಿಂತಿದ್ದ. ಮುಧೋಳದವನು, ಬಾಯಿ ಸುಮ್ಮನಿರದ ಮನುಷ್ಯ.

"ಭಾಳ ಛಲೋ ಆತ್ರಿ ಸಾಹೇಬ್ರ! ನೀವು ಮೊದಲ ಮಲಗ್ರಿ, ಆಮ್ಯಾಲ ನಾವು. ನಾ ಒಳಗ ಹೋಗಿ ಸೂಜಿ ನೋಡಿ ಬಂದೀನ್ರಿ. ಸಾದಾ ಸೂಜಿ ಅಲ್ರಿ ಅದು. ನಮ್ಮ ಗ್ರೀಸ್ ಗನ್ನಿನ ನಳಿಗಿ ಇರತದಲ್ರಿ, ಹೆಚ್ಚುಕಡಿಮಿ ಅಷ್ಟ ದಪ್ಪ ಅದ."

ಬಸವಪ್ರಭು ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಲೇತ್ ಮಶೀನಿನ ಸ್ವಪ್ನಿಲ್ ಅಲ್ಲೇ ಇದ್ದ. ಅವನೂ ಧೈರ್ಯ ತುಂಬಲು ಬಂದವನೇ. ಅವನ ಚಿಕ್ಕಪ್ಪ ಒಮ್ಮೆ ರಕ್ತ ಕೊಡಲು ಹೋದಾಗ ನರವೇ ಸಿಗದೆ, ಬೋರ್‌ವೆಲ್ ತೋಡಿದಂತೆ ಎರಡೂ ಕೈಯಲ್ಲಿ ಅಲ್ಲಲ್ಲಿ ತೋಡಿದ್ದರಂತೆ. "ಆದರೂ ಆತ ಬದುಕಿದ್ದಾನೆ, ಚಿಂತೆ ಮಾಡಬೇಡಿ" ಎಂದು ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಸಮಾಧಾನ ಹೇಳಿದ.

ಬಸವಪ್ರಭು ನೇರ ಇಂಪನಾಳ ಹತ್ತಿರ ಹೋದರು.

"ತಂಗಿ, ನನಗ ಯಾಕೋ ಜ್ವರ ಬಂದಂಗ ಆಗೇದ ನೋಡು."

"ಅಯ್ಯೋ ಹೌದಾ ಸರ್? ಒಂದ್ನಿಮಿಷ." ಅವಳು ಪಿಸ್ತೂಲಿನಂಥ ಯಂತ್ರ ತಂದು ಹಣೆಗೆ ಹಿಡಿದಳು. "ಸರ್, ಪರ್ಫೆಕ್ಟ್ ನಾರ್ಮಲ್! ನೀವ್ ಟೆನ್ಷನ್ ಮಾಡ್ಕೋಬೇಡಿ, ಶಿಬಿರಕ್ಕೇನೂ ತೊಂದ್ರೆ ಆಗಲ್ಲ." ಪಾಪ, ಅವರ ಚಿಂತೆಯೆಲ್ಲ ಶಿಬಿರದ್ದೇ ಎಂದು ಅವಳು ತಿಳಿದಿದ್ದಳು.

ಕ್ಯಾಂಟೀನಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತವನೊಬ್ಬ ಬಂದವರಿಗೆಲ್ಲ ಪ್ರಶ್ನೆ ಕೇಳುತ್ತಿದ್ದ. ಕಾಮಾಲೆ ಆಗಿತ್ತೆ? ಇಲ್ಲ. ಆಪರೇಷನ್? ಇಲ್ಲ. ನಿನ್ನೆ ಮದ್ಯ ಸೇವಿಸಿದ್ದೀರಾ? ಸೇವಿಸಿದ್ದರೆ ಇವತ್ತು ರಕ್ತ ಕೊಡುವಂತಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಹಣೆಯ ಮೇಲೆ ಮೂರು ಬೆರಳ ವಿಭೂತಿ ಧರಿಸಿದ್ದ ಬಸವಪ್ರಭು ಗಟ್ಟಿಯಾಗಿ ಹೇಳಿದರು: "ಪ್ಯಾಯಲೋ! ಖೂಪ್ ಪ್ಯಾಯಲೋ!" ಕುಡಿದಿದ್ದೇನೆ, ಬಹಳ ಕುಡಿದಿದ್ದೇನೆ.

ಸಾಲಿನಲ್ಲಿ ನಿಂತವರು ಕುತ್ತಿಗೆ ಚಾಚಿದರು. ಎಲ್ಲರಿಗಿಂತ ಮೊದಲು ಉರಿದೆದ್ದವನು ಮಾಂತು.

"ಸುಳ್ಳ್ರಿ ಇದು! ಏ, ಯಾರೂ ನಂಬಬ್ಯಾಡ್ರಿ! ನಿನ್ನೆ ಸಂಜಿಮುಂದ ಪ್ರವಚನದಾಗ ನನ್ನ ಬಾಜೂಕ ಕುಂತು ಗೊರಕಿ ಹೊಡಿಯಾಕತ್ತಿದ್ರಿ ನೀವು. ಮನಿತನಕ ನಾನ ಗಾಡಿ ಮ್ಯಾಲ ಬಿಟ್ಟು ಬಂದೀನಿ. ಯಾವಾಗ ಕುಡದ್ರಿ?"

ಸಾಹೇಬರ ಮರ್ಯಾದೆ ಉಳಿಸಿದ ಹೆಮ್ಮೆಯಲ್ಲಿ ಅವನು ಸುತ್ತ ನೋಡಿದ. ಅಷ್ಟಕ್ಕೇ ಬಿಡಲಿಲ್ಲ, ಸಾಕ್ಷಿ ಗಟ್ಟಿಯಿರಲಿ ಎಂದು ರುದ್ರವ್ವನಿಗೆ ಫೋನನ್ನೂ ಹಚ್ಚಿ ಸ್ಪೀಕರಿಗೆ ಹಾಕಿದ.

"ಏನಂತೀಯೋ ಮಾಂತು? ಕುಡದಾರ?" ರುದ್ರವ್ವನ ದನಿ ಕ್ಯಾಂಟೀನಿನ ತುಂಬ ಮೊಳಗಿತು. "ರಾತ್ರಿ ಬದಾಮಿ ಹಾಲು ಕೊಟ್ಟೀನಿ. ಅದನ್ನೂ ಅರ್ಧ ಬಿಟ್ಟಾರ!"

ಮಾಂತು ಅದನ್ನು ಮರಾಠಿಗೆ ತಿರುಗಿಸಿದ್ದೇ ಜನ ಗೊಳ್ಳೆಂದರು. ಪ್ರಶ್ನೆ ಕೇಳುವವನು 'ಯೋಗ್ಯ' ಎಂದು ಗುರುತು ಹಾಕಿದ. ಬಸವಪ್ರಭು, "ಚಸ್ಮಾ ಮರತೀನಿ, ತಗೊಂಡು ಬರ್ತೀನಿ" ಎಂದು ಸ್ಟೋರಿನ ಕಡೆ ಹೊರಟವರು ಮತ್ತೆ ಬರಲೇ ಇಲ್ಲ.

ಸ್ಟೋರಿನ ಹಿಂಭಾಗದಲ್ಲಿ ರಬ್ಬರ್ ಗ್ಯಾಸ್ಕೆಟ್ಟಿನ ಚೀಲಗಳ ಸಂದಿಯಲ್ಲಿ ಅವರು ಮೊಣಕಾಲು ಮಡಚಿ ಕೂತರು. ಯಾವ ಸಾಮಾನು ಎಲ್ಲಿದೆ ಎಂದು ಅವರೊಬ್ಬರಿಗೇ ಗೊತ್ತಿದ್ದ ಆ ಕೋಣೆಯಲ್ಲಿ ಈಗ ಅವರೂ ಒಂದು ಸಾಮಾನಾಗಿದ್ದರು. ಅತ್ತ ಶಿಬಿರ ಕುಂಟುತ್ತಿತ್ತು. "ಆಧೀ ಸಾಹೇಬ, ಮಗ ಆಮ್ಹೀ" ಎಂದು, ಮೊದಲು ಸಾಹೇಬರು ಆಮೇಲೆ ನಾವು ಎಂದು, ಸ್ವಪ್ನಿಲ್ ಘೋಷಿಸಿದ್ದೇ ತಡ, ಸಾಲಿನವರೆಲ್ಲ ಅದನ್ನೇ ಹಿಡಿದರು. ನಿಜ ಹೇಳಬೇಕೆಂದರೆ ಅವರಿಗೂ ಒಳಗೊಳಗೆ ಪುಕುಪುಕು.

ಸ್ವಲ್ಪ ಹೊತ್ತಿಗೆ ಯಾರೋ ಸ್ಟೋರಿನೊಳಗೆ ಬಂದರು. ಇಂಪನಾ. ಸದ್ದಿಲ್ಲದ ಜಾಗ ಹುಡುಕಿ ಬಂದಿದ್ದಳು.

"ಅಮ್ಮಾ, ಬೆಳಗ್ಗೆಯಿಂದ ಒಬ್ರೂ ಬಂದು ಮಲಗಿಲ್ಲ. ಬಸವಪ್ರಭು ಸರ್ ಕೊಟ್ಮೇಲೆ ನಾವು ಅಂತಾರೆ, ಅವ್ರು ನೋಡಿದ್ರೆ ಕಾಣಿಸ್ತಾನೇ ಇಲ್ಲ. ನನ್ ಫಸ್ಟ್ ಇವೆಂಟಮ್ಮ ಇದು... ಇಲ್ಲಮ್ಮ, ಅವ್ರೆಲ್ಲಿ ಹೆದರ್ತಾರೆ? ಅವ್ರನ್ನ ನೋಡಿದ್ರೆ ನಮಗೇ ಹೆದರಿಕೆ. ಏನೋ ಅರ್ಜೆಂಟ್ ಕೆಲ್ಸ ಇರ್ಬೇಕು ಪಾಪ."

ಮೂಗೆಳೆದುಕೊಂಡು, ದುಪಟ್ಟಾದಿಂದ ಕಣ್ಣೊರೆಸಿ ಹೊರಟುಹೋದಳು. ಚೀಲಗಳ ಸಂದಿಯಲ್ಲಿದ್ದ ಬಸವಪ್ರಭುಗಳಿಗೆ ಯಾವ ಸೂಜಿಯೂ ಇಲ್ಲದೆ ಎಲ್ಲೋ ಚುಚ್ಚಿದಂತಾಯಿತು. ಹೆಚ್ಚುಕಡಿಮೆ ಅವರ ಮಗಳ ವಯಸ್ಸಿನ ಹುಡುಗಿ. ಮೀಸೆ ನಂಬಿ ಕೆಟ್ಟಳಲ್ಲ!

ಏಳಲೆಂದು ಒಂದು ಚೀಲ ಸರಿಸಿದರು, ಮತ್ತೆ ಅದನ್ನೇ ಹತ್ತಿರ ಎಳೆದುಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಮತ್ತೊಂದು ದನಿ. ರಕ್ತನಿಧಿಯಿಂದ ಬಂದಿದ್ದ ನರ್ಸು ತ್ರಿವೇಣಿ, ಕರೆಂಟಿನ ಉದ್ದನೆ ವೈರು ಕೇಳಲು ಬಂದಿದ್ದಳು. ಚೀಲಗಳ ಸಂದಿಯಲ್ಲಿ ಅವಳಿಗೆ ಎರಡು ಬೂಟು ಕಂಡವು.

"ಅಯ್ಯ, ಯಾರ್ರೀ ಅದು?"

ಗಾಬರಿಯಲ್ಲಿ ಬಾಯಿಂದ ಬಂದದ್ದು ಊರ ಕನ್ನಡ. ಬಸವಪ್ರಭು ತಲೆಯೆತ್ತಿದರು. "ನಮ್ಮ ಕಡ್ಯಾಕಿ ಏನವ್ವ ನೀನು?"

"ಇಂಡಿ ತಾಲೂಕ್ರಿ. ನೀವು... ಪೋಸ್ಟರ್ ಮ್ಯಾಲಿನ ಹುಲಿ ಅಲ್ಲೇನ್ರಿ?"

ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ಎಲ್ಲಿ ಹುಲಿನವ್ವ. ಸೂಜಿ ಕಂಡ್ರ ನಂದು ಜೀವಾನ ಹೋಗತದ. ಸತ್ಯ ಹೇಳಾಕತ್ತೀನಿ."

ಅವಳು ನಕ್ಕಾಳೆಂದು ಕಾದರು. ಅವಳು ನಗಲಿಲ್ಲ, ಒಂದು ಪೆಟ್ಟಿಗೆ ಎಳೆದುಕೊಂಡು ಎದುರಿಗೆ ಕೂತಳು.

"ನಾಚಗೊಳ್ಳಾಕ ಏನದ ಅಣ್ಣಾರ? ಕುಸ್ತಿ ಆಡೋ ಪೈಲ್ವಾನರ ದಪ್ಪಂತ ಬಿದ್ದದ್ದು ನೋಡೀನಿ ನಾ. ಹೆದರಿಕಿ ನಮ್ಮ ವೈರಿ ಅಲ್ರಿ. ಮೈಗೆ ಏನೋ ಚುಚ್ಚಾಕತ್ತಾರ, ಹುಷಾರ್ ಅಂತ ಹೇಳಾಕ ಬಂದಿರತದ. ಬೀಗರು ಇದ್ದಂಗ ಅದು. ಬಾಗಲಾ ಮುಚ್ಚಿ ಒಳಗ ಅಡಗಿ ಕುಂತ್ರ ಊರ ಕೇಳೂಹಂಗ ಬಡೀತಾರ. ಬರ್ರಿ, ಕುಂದರ್ರಿ ಅಂದು ಒಂದು ಕಪ್ ಚಾ ಕೊಟ್ರ, ತಾಸೊತ್ತು ಕುಂತು ತಾವ ಎದ್ದು ಹೋಗ್ತಾರ."

"ನಮ್ಮ ಬೀಗರು ಹಂಗ ಹೋಗೂದಿಲ್ಲವ್ವ."

"ಹೆದರಿಕಿ ಹೋಗತದ್ರಿ. ಓಡಿಹೋದ್ರ ಮಾತ್ರ ಬೆನ್ನ ಹತ್ತತದ." ಅವಳು ಮುಷ್ಟಿ ಬಿಗಿದು ತೋರಿಸಿದಳು. "ಇನ್ನ, ನಿಮಗ ಕಣ್ಣಿಗೆ ಕತ್ತಲಿ ಬರೂದು ಯಾಕ ಅಂದ್ರ ರಕ್ತದ ಒತ್ತಡ ಸರ್ರನೆ ಇಳೀತದ. ಅದಕ್ಕ ತೊಡಿ, ಹೊಟ್ಟಿ, ಮುಷ್ಟಿ ಎಲ್ಲಾ ಬಿಗಿ ಹಿಡೀರಿ. ಮುಖ ಬೆಚ್ಚಗಾತು ಅನ್ನೂದರಾಗ ಬಿಡ್ರಿ. ಮತ್ತ ಬಿಗೀರಿ. ಹಾಂ, ಹಂಗ! ಸೂಜಿ ಹಾಕೋ ಕೈ ಒಂದು ಸಡಿಲ ಇರಲಿ, ಅಷ್ಟ."

ಬಸವಪ್ರಭು ಬಿಗಿದರು, ಬಿಟ್ಟರು, ಬಿಗಿದರು. ಆಶ್ಚರ್ಯ, ಎದೆಯ ಡವಡವ ಇದ್ದೇ ಇತ್ತು, ಆದರೆ ಕಣ್ಣ ಮುಂದಿನ ಮಂಜು ಕರಗುತ್ತ ಬಂತು.

"ಮತ್ತ ಒಳಗ ಬಚ್ಚಿಡಬ್ಯಾಡ್ರಿ. ಬಾಯಿಬಿಟ್ಟು ಹೇಳಿದ ಹೆದರಿಕಿ ಅರ್ಧಕ್ಕರ್ಧ ಇಳೀತದ."

"ನಿನಗ ಹೇಳಿದ್ನಲ್ಲ ಈಗ."

"ಹಂಗಾರ ಅರ್ಧ ಹೋತು. ಉಳಿದರ್ಧ ಸಂಗಾಟ ಕರಕೊಂಡು ನಡೀರಿ."

ಬಸವಪ್ರಭು ಎದ್ದರು. ಕ್ಯಾಂಟೀನಿನ ದಾರಿ ಅಂದು ಜಮಖಂಡಿಯಷ್ಟು ದೂರ ಅನಿಸಿದರೂ ನಡೆದರು. ಅವರು ಕಂಡದ್ದೇ ಸಾಲಿನಲ್ಲಿ ಶಿಳ್ಳೆ ಬಿತ್ತು. ತ್ರಿವೇಣಿ ಮಂಚಗಳ ಕಡೆ ಹೋದಳು. ಪರದೆಯ ಈಚೆಗೆ ಕೂತಿದ್ದ ಮರಾಠಿ ತಂತ್ರಜ್ಞ ಅವರನ್ನು ಕುರ್ಚಿಯಲ್ಲಿ ಕೂರಿಸಿ ಎಡಗೈ ಹಿಡಿದುಕೊಂಡ. ಬಸವಪ್ರಭು ಕಣ್ಣು ಗಟ್ಟಿಯಾಗಿ ಮುಚ್ಚಿದರು. ಹೆದರಿಕೆ ಬಂತು. 'ಬಾ, ಕುಂದ್ರು' ಎಂದರು ಮನಸ್ಸಿನಲ್ಲಿ. ತೊಡೆ ಬಿಗಿದರು, ಹೊಟ್ಟೆ ಬಿಗಿದರು, ಕುರ್ಚಿ ಕಿರ್ರೆಂದಿತು.

ಚುಟ್!

ಕೆಂಪಿರುವೆ ಕಚ್ಚಿದ ಹಾಗೆ. ಇನ್ನೂ ಏನೇನೋ ಆದೀತು ಎಂದು ಕಾದರು. ಏನೂ ಆಗಲಿಲ್ಲ. "ಝಾಲಂ" ಎಂದ ತಂತ್ರಜ್ಞ. ಆಯಿತು!

ಕಣ್ಣು ಬಿಟ್ಟು ನೋಡಿದರೆ ಬೆರಳ ತುದಿಗೆ ಒಂದು ಹತ್ತಿಯ ಉಂಡೆ. ಬಸವಪ್ರಭುಗಳಿಗೆ ನಂಬಿಕೆಯೇ ಬರಲಿಲ್ಲ. ತೋಳಿನಿಂದ ತೆಗೆಯುತ್ತಾರೆ ಎಂದು ಕೇಳಿದ್ದರು, ಈಗ ಬೆರಳಿನಿಂದಲೇ ಎಳೆದುಕೊಳ್ಳುವ ಯಂತ್ರ ಬಂದಿರಬೇಕು. ವಿಜ್ಞಾನ ಎಷ್ಟು ಮುಂದೆ ಹೋಗಿದೆ! ತಂತ್ರಜ್ಞ ಹನಿಯನ್ನು ಪರೀಕ್ಷಿಸಲು ಆ ಕಡೆ ತಿರುಗಿದ. ಬಸವಪ್ರಭು ಈ ಕಡೆ ಎದ್ದು ಹೊರಬಂದರು.

"ಮುಗೀತೇನ್ರಿ ಸಾಹೇಬ್ರ?" ಮಾಂತು ಬಾಯಿ ತೆರೆದ.

"ಮುಗೀತು!" ಬೆರಳನ್ನು ಧ್ವಜದಂತೆ ಎತ್ತಿ ಹಿಡಿದರು. ಆಮೇಲೆ ಅವರ ಬಾಯಿಂದ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಬಂದ ಮಾತಿನ ಹೊಳೆಯನ್ನು ಅವರ ಹೆಂಡತಿಯೂ ಅದುವರೆಗೆ ಕಂಡಿರಲಿಲ್ಲ. "ಏನಿಲ್ಲೋ ಹುಚ್ಚರಾ! ಇರುವಿ ಕಡದಂಗ ಅಷ್ಟ! ಹೆದರಿಕಿ ಅಂದ್ರ ಏನು? ಬೀಗರು ಇದ್ದಂಗ. ಕುಂದರಿಸಿ ಮಾತಾಡಸ್ರಿ, ಎದ್ದು ಹೋಗ್ತಾರ. ತೊಡಿ ಬಿಗೀರಿ, ಹೊಟ್ಟಿ ಬಿಗೀರಿ! ಏ ಸ್ವಪ್ನಿಲ್, ಚಲ್, ಪುಢೇ ಹೋ!"

ಸ್ವಪ್ನಿಲ್ ಮುಂದೆ ಹೋದ. ಮಾಂತು ಹೋದ. ಗಣಪತಿ ನೋಡಲು ನುಗ್ಗುವ ಹಾಗೆ ಜನ ನುಗ್ಗಿದರು. ಪ್ರತಿ ಮಂಚದ ಮೇಲೂ ಒಬ್ಬೊಬ್ಬ ತೊಡೆ ಬಿಗಿದು ಮಲಗಿದ್ದ. ಇಂಪನಾ ಬಸವಪ್ರಭುಗಳ ಎರಡೂ ಕೈ ಹಿಡಿದು, "ಸರ್, ನೀವಿಲ್ದಿದ್ರೆ ನಾನು ಅತ್ತೇ ಬಿಡ್ತಿದ್ದೆ" ಎಂದು ನಕ್ಕಳು. ದಾನಿಗಳ ಕುರ್ಚಿಯಲ್ಲಿ ಬಸವಪ್ರಭು ಕಾಲು ಚಾಚಿ, ಬಿಸ್ಕಿಟು ತಿನ್ನುತ್ತ, ಮಾವಿನ ರಸ ಹೀರುತ್ತ ಮನೆಗೆ ಫೋನು ಮಾಡಿದರು.

"ರುದ್ರವ್ವಾ, ಕೊಟ್ಟೆ!"

"ಏನು, ರಾಜೀನಾಮೇನಾ?"

"ರಕ್ತ! ಅಂಜಿಕಿ ಪಂಜಿಕಿ ಎಲ್ಲಾ ಮುಗದು ಹೋತು ಇವತ್ತಿಗೆ."

ಫೋನು ಇಡುವಷ್ಟರಲ್ಲಿ ತ್ರಿವೇಣಿ ಎದುರಿಗಿದ್ದಳು. ಅವಳ ಹಿಂದೆ ಕಾರ್ಖಾನೆಗೆ ಬಂದು ಹೋಗುವ ಡಾಕ್ಟರು.

"ಅಣ್ಣಾರ, ನಿಮ್ಮನ್ನ ಎಲ್ಲೆಲ್ಲೆ ಹುಡುಕೂದ್ರಿ? ರಕ್ತ ಕೊಟ್ಟೀನಿ ಅಂತ ಎಲ್ಲಾರ ಮುಂದ ಹೇಳಾಕತ್ತೀರಂತ. ನೀವು ಕೊಟ್ಟಿದ್ದು ಒಂದ ಹನಿರೀ. ಅದು ತಪಾಸಣಿಗೆ."

ಬಸವಪ್ರಭುಗಳ ಬಾಯೊಳಗಿನ ಬಿಸ್ಕಿಟು ಅಲ್ಲೇ ನಿಂತಿತು. "ಅಂದ್ರ... ಇನ್ನೂ ಕೊಡಬೇಕೇನವ್ವ?"

"ಇಲ್ರಿ. ನಿಮಗ ಕೊಡಾಕ ಬರೂದಿಲ್ಲ. ನಿಮಗ ರಕ್ತ ಭಾಳ ಕಡಿಮಿ ಅದ."

ಆ ಕ್ಷಣ ಬಸವಪ್ರಭುಗಳ ಮನಸ್ಸಿನಲ್ಲಿ ಎದ್ದ ಆನಂದವನ್ನು ಹೇಳತೀರದು. ಮರ್ಯಾದೆಯೂ ಉಳಿಯಿತು, ತೋಳೂ ಉಳಿಯಿತು! ಸುತ್ತ ನೆರೆದವರಿಗಂತೂ ಕಣ್ಣಲ್ಲಿ ನೀರೇ ಬಂತು. ತನ್ನಲ್ಲೇ ರಕ್ತವಿಲ್ಲದಿದ್ದರೂ ಎಲ್ಲರಿಗಿಂತ ಮೊದಲು ಕೊಡಲು ಬಂದ ಮಹಾನುಭಾವ!

ಡಾಕ್ಟರು ಕಣ್ಣ ರೆಪ್ಪೆ ಎಳೆದು ನೋಡಿದರು. ನಾಲಿಗೆ ನೋಡಿದರು. ಕಾಲು ಜೋಮು ಹಿಡಿಯುತ್ತದೆಯೇ, ಸುಸ್ತಾಗುತ್ತದೆಯೇ, ಮಾಂಸ ತಿನ್ನುತ್ತೀರಾ ಎಂದು ಕೇಳಿದರು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದರು. ಬಿ-12 ಜೀವಸತ್ವದ ಕೊರತೆ ಕಾಣುತ್ತದೆ. ಪೂರ್ತಿ ತಪಾಸಣೆಗೆ ಈಗಲೇ ತೋಳಿನಿಂದ ರಕ್ತ ತೆಗೆಯಬೇಕು. ಆಮೇಲೆ ಚಿಕಿತ್ಸೆ. ಅದಕ್ಕೆ ಎರಡು ದಾರಿ. ದಿನ ಬಿಟ್ಟು ದಿನ ಇಂಜೆಕ್ಷನ್ ತಗೊಂಡರೆ ಬೇಗ ಗುಣ. ಮಾತ್ರೆಯಾದರೆ ನಿಧಾನ. "ಕೆಲವರಿಗೆ ಸೂಜಿಯ ಹೆದರಿಕೆ ಇರುತ್ತದೆ. ಅಂಥವರಿಗೆ ನಾನು ಮಾತ್ರೆಯನ್ನೇ ಬರೆಯುತ್ತೇನೆ."

"ಸಾಹೇಬ್ರಿಗೆ ಹೆದರಿಕಿ?" ಮಾಂತು ತೋಳಿನ ಪಟ್ಟಿ ಒತ್ತಿಕೊಂಡೇ ಎದ್ದುನಿಂತ. "ಇಂಜೆಕ್ಷನ್ನ ಬರೀರಿ ಡಾಕ್ಟರ!"

"ಇಂಜೆಕ್ಷನ್! ಇಂಜೆಕ್ಷನ್!" ಎಂದಿತು ಇಡೀ ಸಾಲು. ಪ್ರಥಮ ಚಿಕಿತ್ಸೆಯ ಕೋಣೆಯಲ್ಲೇ ಎಲ್ಲ ವ್ಯವಸ್ಥೆ ಮಾಡಿಸುತ್ತೇನೆ, ಸರ್ ಎಲ್ಲೂ ಅಲೆಯಬೇಕಿಲ್ಲ ಎಂದು ಇಂಪನಾ ಮಾತು ಕೊಟ್ಟಳು.

ತ್ರಿವೇಣಿ ಕಿವಿಯ ಹತ್ತಿರ ಬಗ್ಗಿದಳು. "ಹೇಳಿಬಿಡ್ರಿ ಅಣ್ಣಾರ. ಇದ್ದದ್ದು ಇದ್ದಂಗ."

ಬಸವಪ್ರಭು ಸುತ್ತ ನೋಡಿದರು. ಎಷ್ಟೋ ವರ್ಷ ಮುಚ್ಚಿಟ್ಟ ಮಾತು. ತೊಡೆ ಬಿಗಿದರು, ಹೊಟ್ಟೆ ಬಿಗಿದರು. ಎದ್ದು ನಿಂತು, ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲೂ ಮರಾಠಿಯಲ್ಲೂ, ಜೀವನದಲ್ಲೇ ಅತಿ ಧೈರ್ಯದ ಮಾತನ್ನು ಹೇಳಿದರು.

"ನೋಡ್ರಿಪಾ, ಖರೇ ಹೇಳ್ತೀನಿ. ಸೂಜಿ ಕಂಡ್ರ ನನಗ ಹೆದರಿಕಿ ಆಗತದ. ಭಾಳ ಆಗತದ."

ತಗಡಿನ ಚಾವಣಿ ಹಾರಿಹೋಗುವಂಥ ನಗು ಎದ್ದಿತು. ಸ್ವಪ್ನಿಲ್ ಮಂಚದ ಮೇಲೆ ಹೊರಳಾಡಿದ. ಇಂಪನಾ ಹೊಟ್ಟೆ ಹಿಡಿದುಕೊಂಡು, "ಅಯ್ಯೋ ಸರ್, ನಿಮ್ ಕಾಮಿಡಿ ಟೈಮಿಂಗ್!" ಎಂದಳು. ಡಾಕ್ಟರೂ ನಕ್ಕರು. ನಗುತ್ತಲೇ ಇಂಜೆಕ್ಷನ್ ಬರೆದು, ಮೊದಲನೆಯದನ್ನು ಇವತ್ತೇ ಕೊಟ್ಟುಬಿಡಿ ಎಂದು ಮುಂದಿನವರ ಕಡೆ ತಿರುಗಿದರು.

ನಗದೆ ಉಳಿದವಳು ತ್ರಿವೇಣಿ ಒಬ್ಬಳೇ. ತಟ್ಟೆಯಲ್ಲಿ ಎರಡು ಸೂಜಿ ಜೋಡಿಸಿಕೊಂಡು ಪರದೆ ಎಳೆದಳು. ಹೆದರಿಕೆ ಮತ್ತೆ ಬಂದು ಎದೆಯ ಮೇಲೆ ಕೂತಿತ್ತು. ಓಡಲು ದಾರಿಯಿರಲಿಲ್ಲ, ಹಾಗಾಗಿ ಬಸವಪ್ರಭು ಓಡಲಿಲ್ಲ. ಹಲ್ಲು ಕಚ್ಚಿ, ಎರಡೂ ಅಂಗಿತೋಳು ಮೇಲಕ್ಕೆ ಮಡಚಿ, ಎರಡೂ ಕೈ ಮುಂದೆ ಚಾಚಿದರು.

"ಒಂದ ಕೈ ಸಾಕ್ರಿ ಅಣ್ಣಾರ" ಎಂದಳು ತ್ರಿವೇಣಿ ಮೆಲ್ಲಗೆ. "ಎರಡನೇದು ಕೈಗಲ್ರಿ. ಅದಕ್ಕ ನೀವು ಆ ಕಡೆ ತಿರುಗಿ ಮಲಗಬೇಕಾಗತದ."